ಬೆರ್ಗ್ ಬೇರೆ, ಬುರ್ಗ್ ಬೇರೆ, ನಮ್ಮ ಗುಲ್ಬರ್ಗಾ ಇನ್ನೂ ಬೇರೆ

ಓದುಗರ ಪ್ರಶ್ನೆ:

"ಸರ್, ನಮಸ್ಕಾರ. ನಾನು ಕಲಬುರಗಿಯವಳು. ನಮ್ಮ ಅಡ್ಡಹೆಸರೂ ಕಲಬುರ್ಗಿ ಅಂತಲೇ. ಏಳು ವರ್ಷದಿಂದ ಜರ್ಮನಿಯ ನ್ಯೂರ್ನ್‌ಬೆರ್ಗ್ ಊರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ನಮ್ಮ ತಂಡಕ್ಕೆ ಹೊಸಬರೊಬ್ಬರು ಬಂದರು. ಅವರ ಹೆಸರು 'ಬೆರ್ಗ್' ಅಂತ ಮುಗಿಯುತ್ತದೆ. ನನಗೆ ಝುಕರ್‌ಬರ್ಗ್, ಸ್ಪೀಲ್‌ಬರ್ಗ್ ನೆನಪಾದರು. ಊಟದ ಹೊತ್ತಿನಲ್ಲಿ ಸುಮ್ನೆ 'ನೀವು ಯಹೂದಿಗಳಾ?' ಅಂತ ಕೇಳಿಬಿಟ್ಟೆ. ಅವರ ಮುಖ ಸಣ್ಣಗಾಯಿತು. 'ಯಾಕೆ ಕೇಳುತ್ತೀರಿ?' ಅಂದರು, ಅಷ್ಟೇ. ಆಮೇಲೆ ಮಾತೇ ಕಡಿಮೆಯಾಗಿದೆ. ನಾನು ಕೇಳಿದ್ದರಲ್ಲಿ ತಪ್ಪೇನಿತ್ತು?

ಎರಡನೆಯದು, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಪುರ, ದುರ್ಗ, ಗುಲ್ಬರ್ಗಾ, ಹಾಂಬರ್ಗ್ ಎಲ್ಲವೂ ಒಂದೇ ಮೂಲದವಂತೆ, ಯುರೋಪಿನ ಊರುಗಳಿಗೆ ಹೆಸರಿಟ್ಟವರೇ ನಮ್ಮವರಂತೆ. ನಿಜವಾ? ಮೂರನೇ ಕ್ಲಾಸಿನ ನನ್ನ ಮಗನಿಗೆ ಶಾಲೆಯಲ್ಲಿ ಊರ ಹೆಸರಿನ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. 'ಅಮ್ಮಾ, ನಮ್ಮೂರು ಬೆರ್ಗಾ, ಬುರ್ಗಾ?' ಅಂತ ತಲೆ ತಿನ್ನುತ್ತಾನೆ.

ಕೊನೆಯದು ದೊಡ್ಡ ಚಿಂತೆ. ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕುತ್ತಿದ್ದೇವೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಗುಲ್ಬರ್ಗಾ ಅಂತಿದೆ, ಹೊಸ ಕಾಗದಗಳಲ್ಲಿ ಕಲಬುರಗಿ. ನಮ್ಮ ಯಜಮಾನರು, 'ಹೇಗೂ ಕಾಗದ ಬದಲಾಗುತ್ತದೆ, ಅಡ್ಡಹೆಸರನ್ನೂ ಕಾಲ್‌ಬೆರ್ಗ್ ಅಂತ ಮಾಡಿಬಿಡೋಣ, ಮಗನಿಗೆ ಅನುಕೂಲ' ಅನ್ನುತ್ತಾರೆ. ಮಾಡಬಹುದಾ?"

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರು ನಾಲ್ಕು ಇವೆ. ಆದರೆ ಎಲ್ಲದರ ಕೆಳಗೆ ಇರುವುದು ಒಂದೇ ನಂಬಿಕೆ: ಹೆಸರಿನ ಬಾಲ ಹಿಡಿದರೆ ಆಸಾಮಿ ಸಿಗುತ್ತಾನೆ ಅನ್ನುವುದು. ಮೂವತ್ತು ವರ್ಷ ಬೆಂಗಳೂರಿನಲ್ಲಿ ಜರ್ಮನ್ ಕಲಿಸಿದ್ದೇನೆ, ಜನನ ಪತ್ರ, ಮದುವೆ ಪತ್ರಗಳನ್ನು ಅನುವಾದ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ, ಬಾಲ ಹಿಡಿದರೆ ಸಿಗುವುದು ಪದದ ಮೂಲ ಮಾತ್ರ. ಅದೂ ಪ್ರತಿ ಸಲ ಅಲ್ಲ.

ಮೊದಲು ಸುಲಭದ್ದು ಮುಗಿಸೋಣ. ಬೆರ್ಗ್ ಅಂದರೆ ಬೆಟ್ಟ. ಬುರ್ಗ್ ಅಂದರೆ ಕೋಟೆ. ನಮ್ಮ ಪತ್ರಿಕೆಗಳು ಇಂಗ್ಲಿಷ್ ಕಿವಿಯಿಂದ ಕೇಳಿ ಎರಡನ್ನೂ 'ಬರ್ಗ್' ಎಂದೇ ಬರೆಯುತ್ತವೆ. ಹೈಡೆಲ್‌ಬರ್ಗ್, ಹಾಂಬರ್ಗ್, ಹಿಂಡನ್‌ಬರ್ಗ್. ಇದರಲ್ಲಿ ಮೊದಲನೆಯದು ಬೆಟ್ಟ, ಉಳಿದೆರಡು ಕೋಟೆ. ಕನ್ನಡ ಲಿಪಿಗೆ ಎ, ಉ ಎರಡನ್ನೂ ತೋರಿಸುವ ಶಕ್ತಿ ಇರುವಾಗ ಎರಡನ್ನೂ ಅಕಾರಕ್ಕೆ ಇಳಿಸುವುದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜರ್ಮನ್ನರ ಬಾಯಲ್ಲಿ ಕೊನೆಯ ಅಕ್ಷರ ಗಟ್ಟಿಯಾಗಿ 'ಬೆರ್ಕ್', 'ಬುರ್ಕ್' ಅಂತಲೇ ಕೇಳುತ್ತದೆ. ಇದು ನಿಮಗೆ ಗೊತ್ತೇ ಇರುತ್ತದೆ. ಸ್ವೀಡನ್ನಿಗೆ ಹೋದರೆ ಅದೇ ಗಕಾರ ಯಕಾರದ ಹಾಗೆ ಕರಗುತ್ತದೆ. ಫ್ರೆಂಚರ ಬಾಯಲ್ಲಿ ಸ್ಟ್ರಾಸ್‌ಬುರ್ಗ್ ಊರು 'ಸ್ತ್ರಾಸ್‌ಬೂರ್' ಆಗುತ್ತದೆ. ಸ್ಕಾಟ್‌ಲೆಂಡಿನ ಎಡಿನ್‌ಬರಾದಲ್ಲಿ ಇರುವ 'ಬರಾ' ಕೂಡ ಇದೇ ಬುರ್ಗ್. ಇಂಗ್ಲೆಂಡಿನ ಕ್ಯಾಂಟರ್ಬರಿಯ 'ಬರಿ' ಕೂಡ ಅದೇ.

ಈ ಒಂದು ಸ್ವರದ ವ್ಯತ್ಯಾಸಕ್ಕೆ ಬೆಲೆ ಕೊಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಗಣಿ ವಿಷಯದಲ್ಲಿ ಎಂಜಿನಿಯರಿಂಗ್ ಓದಲು ಫ್ರೈಬೆರ್ಗ್‌ನಲ್ಲಿ ಸೀಟು ಸಿಕ್ಕಿತ್ತು. ಹುಡುಗ ಫ್ರಾಂಕ್‌ಫರ್ಟಿನಲ್ಲಿ ಇಳಿದು, ರೈಲು ಹತ್ತಿ, ಸೀದಾ ಫ್ರೈಬುರ್ಗ್‌ಗೆ ಹೋಗಿ ಇಳಿದ. ಒಂದು ಪೂರ್ವದ ಸ್ಯಾಕ್ಸನಿಯಲ್ಲಿ, ಇನ್ನೊಂದು ನೈರುತ್ಯದ ಮೂಲೆಯಲ್ಲಿ. ಮಧ್ಯೆ ಸುಮಾರು 500 ಕಿಲೋಮೀಟರು. ಅವನು ರಾತ್ರಿ ಫೋನು ಮಾಡಿದಾಗ ಬೈಯಲೋ ನಗಲೋ ತಿಳಿಯಲಿಲ್ಲ. ತಪ್ಪು ನನ್ನದೂ ಇತ್ತು, ಕ್ಲಾಸಿನಲ್ಲಿ ಎರಡನ್ನೂ ನಾನೇ 'ಫ್ರೈಬರ್ಗ್' ಅಂತ ಉಚ್ಚರಿಸುತ್ತಿದ್ದೆ.

ಆ ಎರಡು ಊರುಗಳ ಕಥೆಯೇ ನಿಮ್ಮ ಮಗನ ಪ್ರಾಜೆಕ್ಟಿಗೆ ಸಾಕು. ಫ್ರೈಬೆರ್ಗ್ ಸುತ್ತ 1168ರ ಸುಮಾರಿಗೆ ಬೆಳ್ಳಿ ಸಿಕ್ಕಿತು. ಯಾರು ಬೇಕಾದರೂ ಬಂದು ಅಗೆಯಬಹುದು ಅನ್ನುವ ಮುಕ್ತ ಹಕ್ಕು ಇದ್ದದ್ದರಿಂದ ಅದು 'ಸ್ವತಂತ್ರ ಬೆಟ್ಟ'. ಜರ್ಮನ್ನಿನಲ್ಲಿ ಗಣಿಗಾರಿಕೆಗೆ ಇವತ್ತಿಗೂ 'ಬೆರ್ಗ್‌ಬೌ' ಅನ್ನುತ್ತಾರೆ, ಅಂದರೆ ಬೆಟ್ಟದ ಕೆಲಸ. ಅಲ್ಲಿನ ಗಣಿ ವಿದ್ಯಾಲಯ ಶುರುವಾದದ್ದು 1765ರಲ್ಲಿ. ಜರ್ಮೇನಿಯಂ ಎಂಬ ಮೂಲವಸ್ತುವನ್ನು 1886ರಲ್ಲಿ ಕಂಡುಹಿಡಿದದ್ದೂ ಅಲ್ಲೇ. ಫ್ರೈಬುರ್ಗ್ ಬೇರೆ ಜಾತಿಯದು. ಅದು 1120ರಲ್ಲಿ ಸಂತೆಯ ಹಕ್ಕು ಪಡೆದು ಹುಟ್ಟಿದ ವ್ಯಾಪಾರದ ಪಟ್ಟಣ, 'ಸ್ವತಂತ್ರ ಕೋಟೆಪಟ್ಟಣ'.

ಇನ್ನು ನಿಮ್ಮ ನೆರೆಯಲ್ಲೇ ಒಂದು ತಮಾಷೆ ಇದೆ, ಗಮನಿಸಿದ್ದೀರಾ? ನೀವಿರುವ ಊರ ಹೆಸರು ನ್ಯೂರ್ನ್‌ಬೆರ್ಗ್, ಅಂದರೆ ಬೆಟ್ಟ. ಅದರ ಬಂಡೆಯ ಮೇಲಿರುವ ಕೋಟೆ ಕೈಸರ್‌ಬುರ್ಗ್. ರೈಲಿನಲ್ಲಿ ಒಂದು ಗಂಟೆ ಹೋದರೆ ವ್ಯೂರ್ತ್ಸ್‌ಬುರ್ಗ್ ಸಿಗುತ್ತದೆ. ಅದು ಕೋಟೆಯ ಹೆಸರಿನ ಊರು, ಆದರೆ ಅಲ್ಲಿನ ಕೋಟೆಯ ಹೆಸರು ಮರಿಯೆನ್‌ಬೆರ್ಗ್! ಊರು ಬೆಟ್ಟವಾದರೆ ಕೋಟೆ ಬುರ್ಗ್, ಊರು ಬುರ್ಗ್ ಆದರೆ ಕೋಟೆ ಬೆಟ್ಟ. ಕೋಟೆ ಕಟ್ಟುವುದು ಬೆಟ್ಟದ ಮೇಲೆ ತಾನೆ? ಹಾಗಾಗಿ ಎರಡು ಹೆಸರೂ ಒಂದರ ಮೇಲೊಂದು ಜಾರುತ್ತವೆ. ನಮ್ಮಲ್ಲೂ ಹೀಗೇ ಅಲ್ವಾ? ಒಂದೇ ಬೆಟ್ಟಕ್ಕೆ ನಂದಿಬೆಟ್ಟ ಅಂತಲೂ ಅನ್ನುತ್ತೇವೆ, ನಂದಿದುರ್ಗ ಅಂತಲೂ ಅನ್ನುತ್ತೇವೆ. ಮಧುಗಿರಿಯಲ್ಲಿ ಅಷ್ಟು ದೊಡ್ಡ ಕೋಟೆ ಇದ್ದರೂ ಹೆಸರಿನಲ್ಲಿ ಇರುವುದು ಬೆಟ್ಟವೇ.

ಈಗ ವಾಟ್ಸಾಪ್ ಸಂದೇಶಕ್ಕೆ ಬರೋಣ. ಅದು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಸಂಸ್ಕೃತವೂ ಜರ್ಮನ್ನೂ ಒಂದೇ ದೊಡ್ಡ ಕುಟುಂಬದ ಭಾಷೆಗಳು. ಆದ್ದರಿಂದ ನಂಟು ಇದ್ದೇ ಇದೆ. ಆದರೆ ಸಂದೇಶ ಬರೆದವರು ತಪ್ಪು ನೆಂಟರನ್ನು ಹಿಡಿದುಕೊಂಡಿದ್ದಾರೆ. ಹೆಚ್ಚಿನ ವಿದ್ವಾಂಸರ ಪ್ರಕಾರ ಬೆರ್ಗ್, ಬುರ್ಗ್ ಎರಡೂ 'ಎತ್ತರ' ಅನ್ನುವ ಅರ್ಥದ ಒಂದು ಹಳೆಯ ಧಾತುವಿನಿಂದ ಬಂದ ಅಕ್ಕತಂಗಿಯರು. ಆ ಧಾತು ಸಂಸ್ಕೃತದಲ್ಲಿ ಉಳಿದಿರುವುದು 'ಬೃಹತ್' ಎಂಬ ಮಾತಿನಲ್ಲಿ. ಇರಾನಿನ ಅಲ್ಬೋರ್ಜ್ ಪರ್ವತದ ಹೆಸರಲ್ಲೂ ಅದೇ ಇದೆ. ನಮ್ಮ ಬೃಹತ್ ಬೆಂಗಳೂರಿನ 'ಬೃಹತ್'ಗೂ ಹೈಡೆಲ್‌ಬೆರ್ಗ್‌ನ 'ಬೆರ್ಗ್'ಗೂ ನಂಟು ಅಂತ ಹೇಳಿದರೆ ಸುಳ್ಳಲ್ಲ.

'ದುರ್ಗ' ಮಾತ್ರ ನೆಂಟನಲ್ಲ. ಅದು ದುರ್ ಮತ್ತು ಗ ಸೇರಿ ಆದ ಮಾತು, ಹೋಗಲು ಕಷ್ಟವಾದ ಜಾಗ ಎಂದರ್ಥ. ಬುರ್ಗ್ ಜೊತೆ ಪ್ರಾಸ ಕೂಡುತ್ತದೆ, ಅರ್ಥವೂ ಹತ್ತಿರ, ಆದರೆ ರಕ್ತಸಂಬಂಧ ಇಲ್ಲ. 'ಪುರ'ದ ನೆಂಟರು ಇರುವುದು ಜರ್ಮನಿಯಲ್ಲಲ್ಲ, ಗ್ರೀಸಿನಲ್ಲಿ. ಗ್ರೀಕಿನ 'ಪೋಲಿಸ್' ಅದರ ಒಡಹುಟ್ಟು. ಹಾಗಾಗಿ ಲಿಬಿಯಾದ ತ್ರಿಪೋಲಿಗೂ ನಮ್ಮ ತ್ರಿಪುರ ಎಂಬ ಮಾತಿಗೂ ಕಟ್ಟಡ ಒಂದೇ, ಮೂರು ಪಟ್ಟಣ. ಆದರೆ ನೆಂಟಸ್ತಿಕೆ ಅಂದರೆ ಒಬ್ಬರು ಹೋಗಿ ಇನ್ನೊಬ್ಬರಿಗೆ ಹೆಸರಿಟ್ಟರು ಅಂತಲ್ಲ. ಇಬ್ಬರ ಅಜ್ಜ ಒಬ್ಬನೇ ಇದ್ದ ಅಂತ ಅಷ್ಟೇ. ಕನ್ನಡದ ಊರು, ಹಳ್ಳಿ ಇವಕ್ಕಂತೂ ಈ ಗದ್ದಲದಲ್ಲಿ ಯಾವ ಪಾಲೂ ಇಲ್ಲ, ಅವು ದ್ರಾವಿಡ ಮನೆಯವು.

ಗುಲ್ಬರ್ಗಾ? ಅದರಲ್ಲಿ ಬುರ್ಗ್ ಇಲ್ಲವೇ ಇಲ್ಲ. ಕಲಬುರಗಿ ಕನ್ನಡದ ಹಳೆಯ ಹೆಸರು. 1347ರಲ್ಲಿ ಬಹಮನಿ ಸುಲ್ತಾನರು ಅದನ್ನು ರಾಜಧಾನಿ ಮಾಡಿಕೊಂಡ ಮೇಲೆ ಪಾರ್ಸಿ ಬರೆಯುವವರ ಕೈಗೆ ಹೆಸರು ಸಿಕ್ಕಿತು. ಪಾರ್ಸಿಯಲ್ಲಿ ಗುಲ್ ಅಂದರೆ ಹೂವು, ಬರ್ಗ್ ಅಂದರೆ ಎಲೆ. ತಮ್ಮ ಕಿವಿಗೆ ಅರ್ಥವಾಗುವ ಹಾಗೆ ಅವರು ಹೆಸರನ್ನು ತಿದ್ದಿಕೊಂಡರು. ಜನ ಪರಭಾಷೆಯ ಹೆಸರನ್ನು ಹೀಗೆ ತಮ್ಮದಾಗಿಸಿಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ನಿಮ್ಮ ಯಜಮಾನರು ಈಗ ಕಾಲ್‌ಬೆರ್ಗ್ ಅನ್ನುತ್ತಿರುವುದೂ ಅದೇ ತರಹದ್ದು, ಈ ಸಲ ಜರ್ಮನ್ ಕಿವಿಗೆ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮನಸ್ಸಿಗೆ ಚುಚ್ಚುತ್ತಿರುವುದು ಆ ಊಟದ ಮೇಜಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೆರ್ಗ್, ಷ್ಟೈನ್, ಮನ್ ಅಂತ ಮುಗಿದರೆ ಯಹೂದಿ ಹೆಸರು ಅನ್ನುವ ಭಾವನೆ ಅಮೆರಿಕದಿಂದ ಬಂದದ್ದು. ಅಮೆರಿಕದ ಸಿನಿಮಾ, ಕಂಪನಿಗಳ ಸುದ್ದಿಯಲ್ಲಿ ಇಂಥ ಹೆಸರಿನ ಯಹೂದಿಗಳು ಜಾಸ್ತಿ ಕಾಣುತ್ತಾರೆ, ಹಾಗಾಗಿ ನಮಗೂ ಅದೇ ಅಭ್ಯಾಸವಾಗಿದೆ. ಅದರ ಹಿಂದೆ ಒಂದು ನಿಜ ಇದೆ. ಮಧ್ಯ ಯುರೋಪಿನ ಬಹುಪಾಲು ಯಹೂದಿಗಳಿಗೆ ಹದಿನೆಂಟನೇ ಶತಮಾನದ ಕೊನೆಯವರೆಗೂ ವಂಶದ ಹೆಸರೇ ಇರಲಿಲ್ಲ. ಇಂಥವರ ಮಗ ಇಂಥವರು ಅಂತ ಕರೆಯುತ್ತಿದ್ದರು. ನಮ್ಮ ಹಳೆ ಮೈಸೂರಿನ ಕಡೆ ಅಪ್ಪನ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು ಕಾಲ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ತೆರಿಗೆಗೂ ಸೈನ್ಯಕ್ಕೂ ಜನರ ಲೆಕ್ಕ ಇಡಬೇಕಾದ ಸರ್ಕಾರಗಳಿಗೆ ಅದು ಸರಿಬರಲಿಲ್ಲ. ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ 1787ರಲ್ಲಿ, ಎಲ್ಲ ಯಹೂದಿಗಳೂ ಖಾಯಂ ವಂಶದ ಹೆಸರು ಇಟ್ಟುಕೊಳ್ಳಬೇಕು ಎಂದು ಆಜ್ಞೆ ಮಾಡಿದ. 1808ರಲ್ಲಿ ನೆಪೋಲಿಯನ್, 1812ರಲ್ಲಿ ಪ್ರಷ್ಯಾ ಅದೇ ದಾರಿ ಹಿಡಿದವು.

ಕೆಲವರು ಊರ ಹೆಸರು ಇಟ್ಟುಕೊಂಡರು. ಗಿನ್ಸ್‌ಬುರ್ಗ್ ಎಂಬ ಹೆಸರು ಬವೇರಿಯಾದ ಗ್ಯುಂಟ್ಸ್‌ಬುರ್ಗ್ ಊರಿಂದ ಬಂದದ್ದು. ಓಪೆನ್‌ಹೈಮ್ ಊರಿನವರು ಓಪೆನ್‌ಹೈಮರ್ ಆದರು. ಕೊನೆಯ 'ಅರ್' ನಮ್ಮ ಗಡಿ ಕಡೆಯ 'ಕರ್' ಇದ್ದ ಹಾಗೆ, ಮಂಗೇಶಿಯವರು ಮಂಗೇಶ್‌ಕರ್ ಆದಂತೆ. ನಿಮ್ಮ ಕಡೆ ಅದೂ ಬೇಡ, ಸೀದಾ ಊರ ಹೆಸರೇ ಅಡ್ಡಹೆಸರು. ಇನ್ನು ಹಲವರು ಕಿವಿಗೆ ಹಿತವಾದ ಹೆಸರು ಕಟ್ಟಿಕೊಂಡರು: ಗೋಲ್ಡ್‌ಬೆರ್ಗ್ ಚಿನ್ನದ ಬೆಟ್ಟ, ರೋಸೆನ್‌ಬೆರ್ಗ್ ಗುಲಾಬಿ ಬೆಟ್ಟ. ಅಂಥ ಬೆಟ್ಟ ಎಲ್ಲೂ ಇರಬೇಕಾಗಿಲ್ಲ. ದುಡ್ಡು ಕೊಟ್ಟವರಿಗೆ ಚೆಂದದ ಹೆಸರು, ಕೊಡದವರಿಗೆ ಹೊಲಸು ಹೆಸರು ಕೊಡುತ್ತಿದ್ದರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಹೇಳಲು ಮಜವಾಗಿದೆ, ಬಹುಪಾಲು ಉಪ್ಪುಖಾರ ಹಚ್ಚಿದ್ದು.

ಆದರೆ ಇದೇ ಬೆರ್ಗ್ ಬೆಟ್ಟದ ಕೆಳಗೆ ಬಾಳಿದ ಲಕ್ಷಾಂತರ ಕ್ರೈಸ್ತರ ಹೆಸರಲ್ಲೂ ಇದೆ, ಶತಮಾನಗಳಿಂದ ಇದೆ. ಅಚ್ಚಿನ ಯಂತ್ರದ ಗುಟೆನ್‌ಬೆರ್ಗ್ ಕ್ರೈಸ್ತ. ಅದು ಮೈಂಟ್ಸ್ ಪಟ್ಟಣದಲ್ಲಿ ಅವನ ಕುಟುಂಬದ ಮನೆಯ ಹೆಸರು. ವಂಶದ ಹೆಸರು ಗೆನ್ಸ್‌ಫ್ಲೈಷ್, ಅಂದರೆ ಹೆಬ್ಬಾತಿನ ಮಾಂಸ. ಮನೆ ಹೆಸರನ್ನೇ ಅವನು ಮುಂದೆ ಮಾಡಿದ್ದು ಯಾಕೆ ಅಂತ ನಾವು ಊಹಿಸಬಹುದು! ಭೌತವಿಜ್ಞಾನಿ ಹೈಸೆನ್‌ಬೆರ್ಗ್ ಕೂಡ ಯಹೂದಿಯಲ್ಲ. ಐನ್‌ಸ್ಟೈನರ ಸಿದ್ಧಾಂತ ಕಲಿಸುತ್ತಾರೆ ಅನ್ನುವ ಸಿಟ್ಟಿಗೆ 1937ರಲ್ಲಿ ನಾಜಿ ಪತ್ರಿಕೆಯೊಂದು ಅವರನ್ನು 'ಬಿಳಿ ಯಹೂದಿ' ಎಂದು ಜರೆಯಿತು. ಸ್ವೀಡನ್ನಿನಲ್ಲಂತೂ ಲಿಂಡ್‌ಬೆರ್ಗ್, ಥುನ್‌ಬೆರ್ಗ್ ಅಂತ ಪ್ರಕೃತಿಯ ಎರಡು ಮಾತು ಜೋಡಿಸಿ ಹೆಸರು ಮಾಡಿಕೊಳ್ಳುವ ರೂಢಿಯೇ ಇತ್ತು. ಗ್ರೆಟಾ ಥುನ್‌ಬೆರ್ಗ್ ನೆನಪಿಸಿಕೊಳ್ಳಿ. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ತಾತ ಸ್ವೀಡನ್ ಬಿಡುವಾಗ ಮೋನ್ಸನ್ ಆಗಿದ್ದವರು, ಅಮೆರಿಕದ ನೆಲ ಮುಟ್ಟಿ ಲಿಂಡ್‌ಬರ್ಗ್ ಆದರು. ನಟಿ ವೂಪಿ ಗೋಲ್ಡ್‌ಬರ್ಗ್ ಅವರದು ರಂಗದ ಹೆಸರು, ಹುಟ್ಟು ಹೆಸರು ಕ್ಯಾರಿನ್ ಜಾನ್ಸನ್.

ಎಲ್ಲಕ್ಕಿಂತ ಕಹಿ ಉದಾಹರಣೆ ಆಲ್ಫ್ರೆಡ್ ರೋಸೆನ್‌ಬೆರ್ಗ್. ಹೆಸರು ಕೇಳಿದರೆ ನೀವು ಯಹೂದಿ ಅಂತೀರಿ. ಆತ ನಾಜಿ ಪಕ್ಷದ ಜನಾಂಗದ್ವೇಷದ ಸಿದ್ಧಾಂತ ಬರೆದವರಲ್ಲಿ ಮುಖ್ಯನಾದವನು. ಈಗಿನ ಎಸ್ಟೋನಿಯಾದಲ್ಲಿ ಹುಟ್ಟಿದ ಜರ್ಮನ್. ನಿಮ್ಮ ಊರಿನ ನ್ಯಾಯಾಲಯದಲ್ಲೇ ವಿಚಾರಣೆ ನಡೆದು 1946ರಲ್ಲಿ ಗಲ್ಲಿಗೇರಿದ.

ಇನ್ನೊಂದು ವಿಷಯ ಹೇಳುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಬಲವಾದ ಸಾಕ್ಷಿ. 17 ಆಗಸ್ಟ್ 1938ರಂದು ನಾಜಿ ಸರ್ಕಾರ ಒಂದು ಆದೇಶ ಹೊರಡಿಸಿತು. ತಾನು ಪಟ್ಟಿ ಮಾಡಿದ ಸ್ವಂತ ಹೆಸರುಗಳಲ್ಲಿ ಒಂದಾದರೂ ಇಲ್ಲದ ಯಹೂದಿ ಗಂಡಸರು 'ಇಸ್ರೇಲ್', ಹೆಂಗಸರು 'ಸಾರಾ' ಅನ್ನುವ ಇನ್ನೊಂದು ಹೆಸರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳಬೇಕು ಎಂದು. 1939ರ ಜನವರಿಯಿಂದ ಅದು ಜಾರಿ. ಯೋಚಿಸಿ, ವಂಶದ ಹೆಸರು ನೋಡಿ ಯಹೂದಿ ಯಾರು ಅಂತ ಹೇಳಲು ಆಗುತ್ತಿದ್ದರೆ ಈ ಆದೇಶ ಯಾಕೆ ಬೇಕಿತ್ತು? ಅಷ್ಟು ಹಗೆ ಇಟ್ಟುಕೊಂಡು, ಅಷ್ಟು ದಫ್ತರ ಇಟ್ಟುಕೊಂಡು ಹುಡುಕಿದವರಿಗೂ ಆಗಲಿಲ್ಲ. ನಮಗೆ ಊಟದ ಮೇಜಿನಲ್ಲಿ ಆಗುತ್ತದೆಯೇ?

ಈಗ ನಿಮ್ಮ ಸಹೋದ್ಯೋಗಿಯ ಮುಖ ಸಣ್ಣಗಾದದ್ದು ಯಾಕೆ ಅಂತ ಅರ್ಥವಾಗುತ್ತದೆ. ಅವರು ಯಹೂದಿಯಾಗಿದ್ದರೆ, ಅವರ ಅಜ್ಜ ಅಜ್ಜಿಯರನ್ನು ಇದೇ ಪ್ರಶ್ನೆ ಕೇಳಿ ಪಟ್ಟಿಗೆ ಸೇರಿಸಿದ್ದರು. ಅಲ್ಲದಿದ್ದರೆ, ಇಂಥ ಹೆಸರು ಹೊತ್ತವರು 1933ರ ಮೇಲೆ ಸರ್ಕಾರಿ ಕೆಲಸ ಉಳಿಸಿಕೊಳ್ಳಲು ಚರ್ಚಿಗೆ ಹೋಗಿ ಅಜ್ಜಂದಿರ ಜ್ಞಾನಸ್ನಾನದ ದಾಖಲೆ ಹುಡುಕಿ ತರಬೇಕಾಗಿತ್ತು. ಎರಡೂ ಕಡೆಯಿಂದ ಆ ಪ್ರಶ್ನೆಗೆ ಒಂದು ಹಳೆಯ ವಾಸನೆ ಇದೆ. ಸಂಬಳದ ಚೀಟಿಯಲ್ಲಿ ಚರ್ಚ್ ತೆರಿಗೆಯ ಸಲುವಾಗಿ ಧರ್ಮದ ಗುರುತು ಇರುತ್ತದೆ, ನಿಜ. ಆದರೆ ಅದು ಲೆಕ್ಕದ ವಿಭಾಗದ ವಿಷಯ, ಪಕ್ಕದ ಮೇಜಿನವರು ಕೇಳುವ ವಿಷಯವಲ್ಲ.

ನಮ್ಮಲ್ಲಿ 'ಅಡ್ಡಹೆಸರು ಏನ್ರಿ?' ಅಂತ ಕೇಳುವುದು ಎಷ್ಟು ಸಲ ಹೆಸರು ತಿಳಿಯಲು, ಎಷ್ಟು ಸಲ ಜಾತಿ ತಿಳಿಯಲು? ಕೇಳುವವರಿಗೆ ಅದು ಕುತೂಹಲ. ಕೇಳಿಸಿಕೊಳ್ಳುವವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಭಾವನೆ ನಿಮಗೂ ಪರಿಚಯ ಇದ್ದೀತು.

ಏನು ಮಾಡಬಹುದು? ಸುಮ್ಮನೆ ಇದ್ದುಬಿಡಬಹುದು. ಕೆಲವೊಮ್ಮೆ ಕಾಲವೇ ಮಾಡುತ್ತದೆ, ಆದರೆ ಒಂದೇ ತಂಡದಲ್ಲಿ ದಿನಾ ಮುಖ ನೋಡುವಾಗ ಅದು ಒಳಗೆ ಕೂತುಬಿಡುವ ಅಪಾಯ ಇದೆ. ಉದ್ದನೆಯ ಮೇಲ್ ಬರೆದು ಕ್ಷಮೆ ಕೇಳಬಹುದು. ಅದು ಬೇಡ, ಅವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನಾನಾದರೆ ಕಾಫಿ ಯಂತ್ರದ ಹತ್ತಿರ ಒಬ್ಬರೇ ಸಿಕ್ಕಾಗ ಎರಡು ವಾಕ್ಯ ಹೇಳುತ್ತೇನೆ: 'ಅವತ್ತು ನಾನು ಹಾಗೆ ಕೇಳಬಾರದಿತ್ತು. ಹೆಸರಿನ ಬಗ್ಗೆ ತಪ್ಪು ತಿಳಿದಿದ್ದೆ, ಕ್ಷಮಿಸಿ.' ಅಲ್ಲಿಗೆ ನಿಲ್ಲಿಸಿ. ಅವರು ಏನಾದರೂ ಹೇಳಿದರೆ ಕೇಳಿ, ಹೇಳದಿದ್ದರೆ ಹವಾಮಾನದ ಕಡೆ ತಿರುಗಿ. 'ನನಗೆ ಯಹೂದಿ ಸ್ನೇಹಿತರಿದ್ದಾರೆ' ಅಂತ ಮಾತ್ರ ಸೇರಿಸಬೇಡಿ, ದಯವಿಟ್ಟು.

ಇನ್ನು ಹೆಸರು ಬದಲಾಯಿಸುವ ವಿಚಾರ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ, ಕಾಗದ ಅನುವಾದ ಮಾಡಿದವನು. ಕೊನೆಯ ಮಾತು ನಿಮ್ಮೂರಿನ ಷ್ಟಾಂಡೆಸಾಮ್ಟ್, ಅಂದರೆ ಜನನ, ಮದುವೆ ನೋಂದಣಿ ಕಚೇರಿಯದು.

ಅವಸರದಲ್ಲಿ ಹೆಸರು ತಿರುಗಿಸಿಕೊಂಡವರಲ್ಲಿ ನಮಗೆಲ್ಲ ಗೊತ್ತಿರುವ ಒಂದು ಮನೆತನ ಇದೆ. ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರದು. ಅವರು ಹುಟ್ಟುವಾಗ ಬ್ಯಾಟೆನ್‌ಬೆರ್ಗ್, ಜರ್ಮನಿಯ ಹೆಸ್ಸೆ ಪ್ರಾಂತ್ಯದ ಒಂದು ಪುಟ್ಟ ಊರಿನ ಹೆಸರು. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಜನ ಜರ್ಮನ್ ಅಂದರೆ ಸಿಡಿಯುತ್ತಿದ್ದರು. 1917ರಲ್ಲಿ ಕುಟುಂಬ ಬೆರ್ಗನ್ನು ಇಂಗ್ಲಿಷಿಗೆ ತಿರುಗಿಸಿ 'ಮೌಂಟ್' ಮಾಡಿ ಮುಂದಕ್ಕೆ ತಂದಿತು. ಅದೇ ವರ್ಷ ದೊರೆಯ ಮನೆತನವೂ ಸ್ಯಾಕ್ಸ್-ಕೋಬುರ್ಗ್-ಗೋಥಾ ಎಂಬ ಹೆಸರು ಬಿಟ್ಟು ವಿಂಡ್ಸರ್ ಆಯಿತು. ಅಲ್ಲಿ ಹೋದದ್ದು ಬುರ್ಗ್, ಇಲ್ಲಿ ಹೋದದ್ದು ಬೆರ್ಗ್. ದೊರೆಗಳಿಗೆ ಒಂದು ಸಹಿ ಸಾಕಾಯಿತು. ನಿಮಗೆ ಹಾಗಲ್ಲ.

ಜರ್ಮನ್ ಪೌರತ್ವ ಸಿಕ್ಕಮೇಲೆ ಹೆಸರನ್ನು ಅಲ್ಲಿನ ಪದ್ಧತಿಗೆ ಹೊಂದಿಸಿಕೊಳ್ಳಲು ಒಂದು ದಾರಿ ಇದೆ. ನಾಗರಿಕ ಸಂಹಿತೆಯ ಪರಿಚಯ ಕಾಯ್ದೆಯ 47ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ ಎಲ್ಲ ಕಲಸಿಹೋದ ನಮ್ಮ ದಕ್ಷಿಣದವರಿಗೆ ಇದು ನಿಜಕ್ಕೂ ಉಪಯೋಗ. ಯಾವುದು ವಂಶದ ಹೆಸರು, ಯಾವುದು ಸ್ವಂತ ಹೆಸರು ಅಂತ ಅಲ್ಲಿ ನಿಗದಿ ಮಾಡಿಕೊಳ್ಳಬಹುದು. ಒಂದು ಹೆಸರಿಗೆ ಜರ್ಮನ್ ರೂಪ ಇದ್ದರೆ ಅದನ್ನೂ ತೆಗೆದುಕೊಳ್ಳಬಹುದು. ಆದರೆ ನಿಮ್ಮ ಹೆಸರು ಈಗಾಗಲೇ ಸರಿಯಾಗಿದೆ, ಅಡ್ಡಹೆಸರು ಬೇರೆ, ಸ್ವಂತ ಹೆಸರು ಬೇರೆ. ಕಾಲ್‌ಬೆರ್ಗ್ ಎಂಬುದು ಕಲಬುರ್ಗಿಯ ಜರ್ಮನ್ ರೂಪವಲ್ಲ, ಸದ್ದು ಹತ್ತಿರ ಇರುವ ಬೇರೆ ಹೆಸರು. ಅಧಿಕಾರಿ ಒಪ್ಪದಿರುವ ಸಾಧ್ಯತೆಯೇ ಜಾಸ್ತಿ.

ಆಗ ಉಳಿಯುವುದು ಸಾಮಾನ್ಯ ಹೆಸರು ಬದಲಾವಣೆಯ ಕಾಯ್ದೆ. ಅದಕ್ಕೆ 'ಗಟ್ಟಿ ಕಾರಣ' ತೋರಿಸಬೇಕು. ಅನುಕೂಲ ಅನ್ನುವುದು ಸಾಮಾನ್ಯವಾಗಿ ಗಟ್ಟಿ ಕಾರಣ ಆಗುವುದಿಲ್ಲ. ಆ ಕಾಯ್ದೆ ಬಂದದ್ದು 1938ರ ಜನವರಿಯಲ್ಲಿ. ಮೇಲೆ ಹೇಳಿದ ಇಸ್ರೇಲ್, ಸಾರಾ ಆದೇಶ ಹೊರಟದ್ದೂ ಇದೇ ಕಾಯ್ದೆಯ ಕೆಳಗೆ. ಅದರ ನಾಜಿ ಭಾಗಗಳನ್ನು ಕಿತ್ತುಹಾಕಿ ಉಳಿದದ್ದನ್ನು ಇನ್ನೂ ಬಳಸುತ್ತಿದ್ದಾರೆ.

ಒಂದು ವೇಳೆ ಬದಲಾಯಿಸಿಯೇ ಬಿಟ್ಟಿರಿ ಅನ್ನಿ. ಆಗ ತೊಂದರೆ ಶುರುವಾಗುವುದು ಈ ಕಡೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ನೀವು ನಮ್ಮ ಪಾಸ್‌ಪೋರ್ಟು ಒಪ್ಪಿಸಿ ಒಸಿಐ ಕಾರ್ಡು (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಮಾಡಿಸಬೇಕು. ಹಳೆ ಪಾಸ್‌ಪೋರ್ಟಿನಲ್ಲಿ ಕಲಬುರ್ಗಿ, ಹೊಸದರಲ್ಲಿ ಕಾಲ್‌ಬೆರ್ಗ್ ಅಂದರೆ ಇಬ್ಬರೂ ಒಬ್ಬರೇ ಅಂತ ತೋರಿಸುವ ಕಾಗದ ಕೇಳುತ್ತಾರೆ. ಪ್ಯಾನ್, ಡಿಗ್ರಿ ಸರ್ಟಿಫಿಕೇಟು, ಬ್ಯಾಂಕ್ ಖಾತೆ, ಅಪ್ಪ ಅಮ್ಮನ ಮನೆ ಹೊಲದಲ್ಲಿ ನಿಮ್ಮ ಪಾಲು, ಎಲ್ಲ ಕಡೆ ಅದೇ ಪ್ರಶ್ನೆ. ನಾನು ಅನುವಾದ ಮಾಡಿದ ಕಾಗದಗಳಲ್ಲಿ ಹತ್ತಾರು ಇಂಥ ಹೆಸರು ಬದಲಾವಣೆಯ ಅಫಿಡವಿಟ್ಟುಗಳೇ. ಪ್ರತಿಯೊಂದರ ಹಿಂದೆಯೂ ತಲೆನೋವಿನಿಂದ ಒದ್ದಾಡಿದ ಒಬ್ಬರು ಇದ್ದರು.

ಯಜಮಾನರಿಗೆ ಇನ್ನೊಂದು ಮಾತು ಹೇಳಿ. ಜರ್ಮನ್ನಿನಲ್ಲಿ 'ಕಾಲ್' ಅಂದರೆ ಬೋಳು. ವಿಯೆನ್ನಾದ ಪಕ್ಕದಲ್ಲಿ ಕಾಲೆನ್‌ಬೆರ್ಗ್ ಅಂತ ಒಂದು ಗುಡ್ಡ ಇದೆ. 1683ರಲ್ಲಿ ತುರ್ಕರ ಮುತ್ತಿಗೆ ಮುರಿದ ಸೈನ್ಯ ಇಳಿದು ಬಂದದ್ದು ಅಲ್ಲಿಂದಲೇ, ಚರಿತ್ರೆಯೇನೋ ದೊಡ್ಡದು. ಆದರೆ ಶಾಲೆಯ ಹುಡುಗರಿಗೆ ಚರಿತ್ರೆ ಬೇಕಿಲ್ಲ. ಅವರಿಗೆ ಕಾಲ್‌ಬೆರ್ಗ್ ಅಂದರೆ ಬೋಳುಗುಡ್ಡ. ಮಗನಿಗೆ ಅನುಕೂಲ ಮಾಡಲು ಹೋಗಿ ಅಡ್ಡಹೆಸರಿಗೇ ಒಂದು ಅಡ್ಡಹೆಸರು ಗಂಟುಬಿದ್ದೀತು. ಕಲಬುರ್ಗಿ ಅನ್ನುವುದನ್ನು ಜರ್ಮನ್ನರು ಕಷ್ಟವಿಲ್ಲದೆ ಓದುತ್ತಾರೆ, ಅದರಲ್ಲಿ ಅವರಿಗೆ ಬಾರದ ಸದ್ದು ಒಂದೂ ಇಲ್ಲ. ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಹುಟ್ಟಿದ ಊರಿನ ಗೊಂದಲ ಇದಕ್ಕಿಂತ ಚಿಕ್ಕದು. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವು, ಅದರಲ್ಲಿ ನಿಮ್ಮದೂ ಒಂದು. ಸರ್ಕಾರದ ಅಧಿಸೂಚನೆಯ ಪ್ರತಿ ತೆಗೆದು, ಅಲ್ಲಿ ಮಾನ್ಯತೆ ಇರುವ ಪ್ರಮಾಣಿತ ಅನುವಾದಕರಿಂದ ಜರ್ಮನ್ ಮಾಡಿಸಿ ಅರ್ಜಿ ಜೊತೆ ಇಡಿ. ಎಲ್ಲ ಕಾಗದದಲ್ಲೂ 'ಕಲಬುರಗಿ, ಹಿಂದೆ ಗುಲ್ಬರ್ಗಾ' ಎಂದು ಒಂದೇ ರೀತಿ ಬರೆಯಿರಿ. ಹಳೆ ಜನನ ಪತ್ರವನ್ನು ತಿದ್ದಿಸಲು ಹೋಗಬೇಡಿ. ತಿದ್ದಿದ ಕಾಗದ ಇನ್ನೊಂದು ಪ್ರಶ್ನೆ ಹುಟ್ಟಿಸುತ್ತದೆ. ಕ್ಯೋನಿಗ್ಸ್‌ಬೆರ್ಗ್ ಕಲಿನಿನ್‌ಗ್ರಾಡ್ ಆದ ಮೇಲೆ (ಎರಡನೇ ಮಹಾಯುದ್ಧದ ನಂತರ ರಷ್ಯಾದ ಪಾಲಾದ ಜರ್ಮನ್ ಊರು ಅದು), ಅಲ್ಲಿ ಹುಟ್ಟಿದ ಮುದುಕರ ಕಾಗದ ನೋಡಿ ಬೆಳೆದ ಕಚೇರಿಗಳು ಅವು, ಊರ ಹೆಸರು ಬದಲಾಗುವುದು ಅವರಿಗೆ ಹೊಸದಲ್ಲ.

ಅಂದ ಹಾಗೆ, ನೀವು ತುಂಬುತ್ತಿರುವ ಅರ್ಜಿಯ ತಲೆಬರಹ ನೋಡಿ: 'ಐನ್‌ಬ್ಯುರ್ಗರುಂಗ್'. ಮಧ್ಯದಲ್ಲಿ ಇರುವುದು ಬುರ್ಗ್. ಕೋಟೆಪಟ್ಟಣದ ಒಳಗೆ ಇದ್ದವನು ಬ್ಯುರ್ಗರ್, 'ಐನ್' ಅಂದರೆ ಒಳಗೆ. ನಮ್ಮ 'ಪೌರ' ಎಂಬ ಮಾತು 'ಪುರ'ದಿಂದ ಬಂದದ್ದೂ ಥೇಟ್ ಹೀಗೆಯೇ. ಪದಗಳು ನೆಂಟರಲ್ಲ, ಯೋಚನೆ ಮಾತ್ರ ಒಂದೇ.

ಮಗನ ಪ್ರಶ್ನೆ ಉಳಿಯಿತು. ನಮ್ಮೂರು ಬೆರ್ಗೂ ಅಲ್ಲ, ಬುರ್ಗೂ ಅಲ್ಲ ಅಂತ ಹೇಳಿ. ಆದರೆ ಊರ ನಡುವೆ ನಿಜವಾದ ಬುರ್ಗ್ ಒಂದು ಇದೆ. ಕಂದಕ ಇದೆ, ಗೋಡೆ ಇದೆ, ಒಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿ ಇದೆ. ಬಯಲಲ್ಲಿ ಕಟ್ಟಿದ್ದರಿಂದ ಬೆರ್ಗ್ ಇಲ್ಲ. ಮುಂದಿನ ಸಲ ರಜೆಗೆ ಬಂದಾಗ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕೈಸರ್‌ಬುರ್ಗ್ ದೊಡ್ಡದೋ ನಮ್ಮದು ದೊಡ್ಡದೋ ಅವನೇ ನೋಡಿ ಹೇಳಲಿ.